ಪತ್ರದ ಬಾಲಂಗೋಚಿಗಳು

ಪಟಾಕಿ ರಿಪ್ಲೈ ಒತ್ತಿದಳು. ಉತ್ತರ ಬರೆಯುವ ಕಿಟಕಿ ತೆರೆಯಿತು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಮರುಕ್ಷಣ ಕಿಟಕಿಯೂ ಇಲ್ಲ, ಮೇಲ್ ಪ್ರೋಗ್ರಾಮೂ ಇಲ್ಲ. ಸ್ಕ್ರೀನಿನ ಮೇಲೆ ಬರೀ ನೀಲಿ.

“ಅಯ್ಯೋ ನಿನ್ನ!” ಎಂದು ಮೇಜಿಗೊಂದು ಗುದ್ದಿ ಮತ್ತೆ ತೆರೆದಳು. ತೆರೆದ ಕೂಡಲೇ ಮೇಲ್ತುದಿಯಲ್ಲಿ ಚಿಕ್ಕಪ್ಪ ಹಾಕಿಸಿದ್ದ ದಿನದ ಗಾದೆ ಮೂಡಿತು: ತಾಳಿದವನು ಬಾಳಿಯಾನು. ಸರಿ, ತಾಳಿದಳು. ಉಸಿರು ಬಿಗಿಹಿಡಿದು ಮೆಲ್ಲಗೆ, ನಿದ್ದೆ ಹೋದ ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ, ರಿಪ್ಲೈ ಒತ್ತಿದಳು. ನಡುಗಿತು, ಹೋಯಿತು. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದಳು. ತಾಳಿದವನು ಬಾಳಿಯಾನು. ನಡುಗಿತು, ಹೋಯಿತು.

ಪಟಾಕಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ದಾಟಿದ ಹೆಂಗಸು, ಒಳ್ಳೆಯ ಚಿತ್ರಗಾರ್ತಿ, ಆದರೆ ಬತ್ತಿಗೆ ಕಿಡಿ ತಾಕಿದರೆ ಸಾಕು, ಸಿಡಿಯದೆ ಇರುತ್ತಿರಲಿಲ್ಲ. ಹಾಗಾಗಿ ಅಣ್ಣ ಇಟ್ಟ ಅಡ್ಡಹೆಸರೇ ಗಟ್ಟಿಯಾಗಿ, ನಿಜವಾದ ಹೆಸರನ್ನು ಮನೆಯಲ್ಲಿ ಯಾರೂ ಕರೆಯದೆ ಅದು ತುಕ್ಕು ಹಿಡಿದು ಕೂತಿತ್ತು.

ಅದು ನಾಟಕಶಾಲೆಗಳಿಗೆ ಪರದೆ ಮಾಡಿಕೊಡುವ ಮನೆ. ಮುಂದೆ ಕೆಲಸದ ಹಜಾರ, ಹಿಂದೆ ವಾಸ. ಹಗ್ಗ, ರಾಟೆ, ಏಣಿ ಅಣ್ಣನ ಪಾಲು. ಹೊಲಿಗೆಯೆಲ್ಲ ಅತ್ತಿಗೆಯದು. ಬಟ್ಟೆ ಅಳೆದು ಕತ್ತರಿಸುವುದು ಚಿಕ್ಕಪ್ಪ. ಕತ್ತರಿ ಆಡದ ಹೊತ್ತಿನಲ್ಲಿ ಅವರ ಬಾಯಿ ಆಡುತ್ತಿತ್ತು. ಬಣ್ಣ ಮತ್ತು ಚಿತ್ರ ಪಟಾಕಿಯವು. ಇಷ್ಟು ವರ್ಷ ಶಾಲೆಗಳ ಸಭಾಂಗಣಕ್ಕೆ, ಸಣ್ಣಪುಟ್ಟ ಸಂಘಗಳಿಗೆ ಸುರುಳಿ ಸುತ್ತಿ ಮೇಲೆತ್ತುವ ಒಂಟಿ ಪರದೆ ಮಾಡಿಕೊಟ್ಟವರಿಗೆ ಈಗ ದೊಡ್ಡ ಕೆಲಸವೊಂದು ಬಾಗಿಲಿಗೇ ಬಂದು ನಿಂತಿತ್ತು. ದೂರದ ಊರಿನ ಹಳೆಯ ರಂಗಮಂದಿರವೊಂದು ಹೊಸದಾಗುತ್ತಿತ್ತು. ಅದಕ್ಕೆ ನಡುವೆ ಸೀಳಿ ಎರಡೂ ಕಡೆಗೆ ಸರಿಯುವ ಮಖಮಲ್ಲಿನ ಪರದೆ ಬೇಕು. ಕಡೆಗೆ ಉಳಿದವರು ಇವರು ಮತ್ತು ಇನ್ನೊಂದು ಮನೆಯವರು. ಪರದೆಯ ಚಿತ್ರ, ಹಗ್ಗದ ನಕ್ಷೆ ಎರಡೂ ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ, ಮಂದಿರದವರು ಬರೆದ ಮೇಲ್‌ಗೆ ಉತ್ತರವಾಗಿ, ಅದೇ ವಿಳಾಸದಿಂದಲೇ ಬರಬೇಕು. ಆಮೇಲೆ ಬಂದದ್ದನ್ನು ತೆರೆಯುವುದೇ ಇಲ್ಲ ಎಂದು ಕಡ್ಡಿ ಮುರಿದಂತೆ ಬರೆದಿದ್ದರು.

ಚಿತ್ರ ಸಿದ್ಧವಾಗಿತ್ತು. ಅದೆಂಥ ಚಿತ್ರ! ಬೆಳಗಿನ ಆಕಾಶ, ಕೆಳಗಿನಿಂದ ಒಟ್ಟಿಗೆ ಮೇಲೇಳುತ್ತಿರುವ ಹಕ್ಕಿಗಳ ದೊಡ್ಡ ಹಿಂಡು. ಪರದೆ ಸರಿದಾಗ ಹಿಂಡು ನಡುವೆ ಒಡೆದು ಅರ್ಧ ಹಕ್ಕಿಗಳು ಎಡಕ್ಕೆ, ಅರ್ಧ ಬಲಕ್ಕೆ ಹಾರಿಹೋಗುತ್ತವೆ. ಆ ಹಕ್ಕಿಗಳಿಗಾಗಿ ಪಟಾಕಿ ತಿಂಗಳುಗಟ್ಟಲೆ ಊಟ ತಿಂಡಿ ಮರೆತಿದ್ದಳು. ಈಗ ಅವು ಕಂಪ್ಯೂಟರಿನ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದವು, ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

“ಫೋನಿಂದ ಕಳಿಸು,” ಎಂದ ಅಣ್ಣ, ಏಣಿಯ ಮೇಲಿನಿಂದ.

“ಪಾಸ್‌ವರ್ಡ್ ಹೇಳು.”

“ಅದು ಪ್ರೋಗ್ರಾಮಿಗೆ ಗೊತ್ತು.”

“ನಿನಗೆ?”

“ಪ್ರೋಗ್ರಾಮಿಗೆ ಗೊತ್ತಿರೋವಾಗ ನನಗ್ಯಾಕೆ?”

ಪಾಸ್‌ವರ್ಡ್ ಬದಲಿಸೋಣವೆಂದರೆ ಅದರ ಸಂಕೇತ ಹೋಗುವುದು ಹಳೆಯ ಫೋನ್ ನಂಬರಿಗೆ. ಆ ಫೋನು ಇದ್ದ ಗೋಡೆಯಲ್ಲಿ ಈಗ ಅದರ ಮೊಳೆ ಮಾತ್ರ ಇತ್ತು. ಪಟಾಕಿ ಅಣ್ಣನಿಗೆ ಏನೋ ಹೇಳಲು ಬಾಯಿ ತೆರೆದಳು, ಏಣಿಯ ಮೇಲಿದ್ದಾನಲ್ಲ ಎಂದು ನುಂಗಿಕೊಂಡಳು.

ಅಣ್ಣನಿಗೂ ಅವನದೇ ತಲೆನೋವು. ನಕ್ಷೆ ಮುಗಿಸುವ ಮುನ್ನ ಹಜಾರದ ತೊಲೆಗೆ ಎರಡು ಹಗ್ಗ ಕಟ್ಟಿ ಪರೀಕ್ಷೆ ಮಾಡುತ್ತಿದ್ದ. “ವಿಚಿತ್ರ ನೋಡು,” ಎಂದು ಗೊಣಗಿದ. “ಇದನ್ನೊಂದೇ ಎಳೆದ್ರೆ ಬೆಣ್ಣೆ. ಅದನ್ನೊಂದೇ ಎಳೆದ್ರೂ ಬೆಣ್ಣೆ. ಎರಡನ್ನೂ ಒಟ್ಟಿಗೆ ಎಳೆದೆನೋ, ರಾಟೆಲಿ ಕಚ್ಚಿಕೊಂಡು ಕೂತ್ಕೊಳ್ತವೆ!” ಯಾರೂ ಕಿವಿಗೊಡಲಿಲ್ಲ. ಪಟಾಕಿಯಂತೂ ಬಾಲ ಸುಟ್ಟ ಬೆಕ್ಕಿನ ಹಾಗೆ ಮೇಜಿನ ಸುತ್ತ ತಿರುಗುತ್ತಿದ್ದಳು.

“ಅದು ಸಾಯೋವಾಗ ಏನೋ ಹೇಳುತ್ತಲ್ಲಮ್ಮ, ಓದಿದೆಯಾ?” ಎಂದು ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಬಂದರು.

ಓದಿರಲಿಲ್ಲ. ಸಿಟ್ಟಿನಲ್ಲಿ ಪ್ರತಿಸಲ ಮುಚ್ಚಿಬಿಟ್ಟಿದ್ದಳು. ಈಗ ಓದಿದಳು: ಆಡ್-ಆನ್‌ಗಳಿಲ್ಲದೆ ಸೇಫ್ ಮೋಡ್‌ನಲ್ಲಿ ತೆರೆಯಲೇ? ಹೂಂ ಎಂದಳು. ಪ್ರೋಗ್ರಾಂ ತೆರೆಯಿತು, ಆದರೆ ಬೋಳಾಗಿ. ಗಾದೆ ಇಲ್ಲ, ಬಣ್ಣ ಇಲ್ಲ. ರಿಪ್ಲೈ ಒತ್ತಿದಳು. ಕಿಟಕಿ ತೆರೆಯಿತು, ನಡುಗಲಿಲ್ಲ, ನಿಂತಿತು!

“ನಿಂತ್ಕೊಂಡ್ತು! ಅಣ್ಣಾ, ನಿಂತ್ಕೊಂಡ್ತು!” ಎಂದು ಪಟಾಕಿ ಕುಣಿದಳು. ಅಣ್ಣ ಬೆಚ್ಚಿ ಏಣಿಯ ಮೇಲಿನಿಂದ ರಾಟೆಯೊಂದನ್ನು ಕೆಳಗೆ ಬೀಳಿಸಿದ. ಕುಣಿದದ್ದೇ ಬಂತು. ಚಿತ್ರ ಲಗತ್ತಿಸಲು ಹೋದರೆ, ಕಡತ ಬಹಳ ದೊಡ್ಡದು, ಆಗುವುದಿಲ್ಲ ಎಂದಿತು. ದೊಡ್ಡ ಕಡತ ಸಾಗಿಸುವುದಕ್ಕೂ ಒಂದು ಆಡ್-ಆನ್ ಬೇಕಿತ್ತು. ಸೇಫ್ ಮೋಡ್‌ನಲ್ಲಿ ಅದೂ ಮಲಗಿತ್ತು.

ಆಡ್-ಆನ್ ಎಂದರೆ ಬೇರೇನಲ್ಲ, ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ ಪ್ರೋಗ್ರಾಮಿಗೆ ಆಮೇಲೆ ಕಟ್ಟುವ ಬಾಲ. ಒಂದಿದ್ದರೆ ಚೆಂದ. ಈ ಮನೆಯವರು ತಲೆಗೊಂದರಂತೆ ಕಟ್ಟಿದ್ದರು. ಚಿಕ್ಕಪ್ಪನದು ಗಾದೆ. ಅಣ್ಣನದು ಅಡಿಯನ್ನು ಮೀಟರಾಗಿಸುವುದು. ದೊಡ್ಡ ಕಡತ ಹೊರುವುದು ಪಟಾಕಿಯದು. ಅತ್ತಿಗೆಯದು ಸಹಿ: ಹೊಸ ಪತ್ರ ತೆರೆದ ಕೂಡಲೇ ಕೆಳಗೆ ತಾನಾಗಿಯೇ ಅತ್ತಿಗೆಯ ಹೆಸರು, ಅದರಡಿ ಪರದೆ ಕೆಲಸದವರು ಎಂಬ ಸಾಲು ಮೂಡುತ್ತಿತ್ತು. ಇಷ್ಟರ ಮೇಲೆ ಹೋದ ವಾರ ಯಾರಿಗೂ ಹೇಳದೆ ಪಟಾಕಿ ಇನ್ನೊಂದು ಕಟ್ಟಿದ್ದಳು. ಅದೂ ಸಹಿಯೇ, ಅವಳದು.

ಇದಕ್ಕೊಂದು ಹಿನ್ನೆಲೆ ಇತ್ತು. ಆ ಮನೆಯ ಪರದೆಗಳ ಕೆಳಮಡಿಕೆಯ ಒಳಗೆ, ನೋಡುವವರ ಕಣ್ಣಿಗೆ ಎಂದೂ ಬೀಳದ ಕಡೆ, ಮಾಡಿದವರ ಹೆಸರನ್ನು ದಾರದಲ್ಲಿ ಹೊಲಿಯುವ ರೂಢಿ. ಹೊಲಿಯುವವರು ಅತ್ತಿಗೆ, ಹಾಗಾಗಿ ಹೆಸರೂ ಅತ್ತಿಗೆಯದೇ. ಯಾರೂ ಕುಳಿತು ತೀರ್ಮಾನಿಸಿದ್ದಲ್ಲ, ನಡೆದುಕೊಂಡು ಬಂದದ್ದು. ಬಣ್ಣ ಬಳಿದವಳ ಹೆಸರು ಯಾವ ಮಡಿಕೆಯಲ್ಲೂ ಇರಲಿಲ್ಲ, ಯಾವ ಪತ್ರದ ಕೆಳಗೂ ಇರಲಿಲ್ಲ. ಈ ಹಕ್ಕಿಗಳಾದರೂ ತನ್ನ ಹೆಸರು ಹೊತ್ತು ಹೋಗಲಿ ಎಂಬ ಆಸೆ ಪಟಾಕಿಗೆ ಗಂಟಲತನಕ ಇತ್ತು. ಅತ್ತಿಗೆಯ ಮುಂದೆ ಬಾಯಿ ಬಿಟ್ಟು ಕೇಳಲು ನಾಲಿಗೆ ಏಳಲಿಲ್ಲ. ಕಂಪ್ಯೂಟರಾದರೆ ಮುಖ ನೋಡುವುದಿಲ್ಲ.

ಈಗ ಎಲ್ಲ ಬಾಲಗಳನ್ನೂ ಆರಿಸಿ, ಒಂದೊಂದಾಗಿ ಹೊತ್ತಿಸಿ, ಯಾವುದು ಬೀಳಿಸುತ್ತದೆ ಎಂದು ನೋಡಬೇಕಿತ್ತು. ಬೇರೆ ಮನೆಯಾಗಿದ್ದರೆ ಒಬ್ಬರೇ ಕುಳಿತು ಕಾಫಿ ಆರುವುದರೊಳಗೆ ಮುಗಿಸುವ ಕೆಲಸ. ಇಲ್ಲಿ ಹಾಗಲ್ಲ. ಒಬ್ಬರು ಕಟ್ಟಿದ ಗಂಟನ್ನು ಇನ್ನೊಬ್ಬರು ಬಿಚ್ಚಬಾರದು ಎಂಬುದು ಹಗ್ಗದ ಕೆಲಸದವರ ಕಟ್ಟಳೆ. ಹಿಂದೊಮ್ಮೆ ಯಾರೋ ಯಾರದೋ ಗಂಟು ಬಿಚ್ಚಿ, ಪರದೆಯ ಮರದ ದಂಡ ಅಪ್ಪನ ಕಿವಿ ಸವರಿಕೊಂಡು ಬಿದ್ದಿತ್ತು. ಅಂದು ಅಪ್ಪ ಹಾಕಿದ ಗೆರೆಯನ್ನು ಅಪ್ಪ ತೀರಿಕೊಂಡ ಮೇಲೂ ಯಾರೂ ದಾಟಿರಲಿಲ್ಲ. ಆ ಕಟ್ಟಳೆ ಏಣಿ ಇಳಿದು, ಹಜಾರ ದಾಟಿ, ಕಂಪ್ಯೂಟರಿನ ಒಳಕ್ಕೂ ನುಗ್ಗಿಬಿಟ್ಟಿತ್ತು. ಅಲ್ಲಿ ತಲೆಯ ಮೇಲೆ ಬೀಳಲು ಏನೂ ಇಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಹಾಕಿದವರೇ ತೆಗೆಯಬೇಕು. ಯಾರೂ ತೆಗೆದಿರಲಿಲ್ಲ, ಆದ್ದರಿಂದಲೇ ಇಷ್ಟು ಬಾಲ.

“ಎಲ್ಲರೂ ಬನ್ನಿ! ಅವರವರದ್ದು ಅವರವರೇ ಆಫ್ ಮಾಡಿ!”

ಬಂದರು. ಚಿಕ್ಕಪ್ಪ ತೋರುಬೆರಳನ್ನು ಅಂಗಿಗೆ ಒರೆಸಿಕೊಂಡು ತಮ್ಮ ಗಾದೆಯನ್ನು ಆರಿಸಿದರು, ಆರಿಸುವಾಗ ಕಣ್ಣು ಮುಚ್ಚಿದರು. ಅಣ್ಣ ಆರಿಸಿದ. ಅತ್ತಿಗೆ ಹೊಲಿಗೆ ಯಂತ್ರದಿಂದ ಎದ್ದು, ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, ತಮ್ಮ ಸಹಿಯನ್ನು ಆರಿಸಿದರು. ಪಟಾಕಿ ತನ್ನೆರಡನ್ನೂ ಆರಿಸಿದಳು. ಪಟ್ಟಿಯಲ್ಲಿ ತನ್ನ ಸಹಿಯ ಸಾಲು ಯಾರಿಗೂ ಕಾಣದಿರಲೆಂದು ಮೊಣಕೈ ಅಡ್ಡ ಇಟ್ಟಳು. ರಿಪ್ಲೈ ಒತ್ತಿದರೆ ಕಿಟಕಿ ಬಂಡೆಯಂತೆ ನಿಂತಿತು.

ಕಡತ ಹೊರುವುದನ್ನು ಹೊತ್ತಿಸಿದಳು. ಆಗಲೂ ನಿಂತಿತು. ಬುದ್ಧಿ ಇದ್ದವರಾಗಿದ್ದರೆ ಆಗಲೇ ಚಿತ್ರ ಲಗತ್ತಿಸಿ ಕಾಯುತ್ತಿದ್ದರು. ಆದರೆ ಅಣ್ಣನ ನಕ್ಷೆ ಇನ್ನೂ ಮುಗಿದಿರಲಿಲ್ಲ, ಸಮಯವಿತ್ತು. ಸಮಯವಿದ್ದರೆ ಕಳ್ಳನನ್ನು ಹಿಡಿಯದೆ ಬಿಡುವವಳೇ ಪಟಾಕಿ? ಉಳಿದವರೂ ಕದಲಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಮ್ಮದಲ್ಲ ಎಂದು ಖಾತ್ರಿಯಾಗುವ ತನಕ ಯಾರಿಗೂ ಸಮಾಧಾನವಿಲ್ಲ.

“ನಂದು ಹಾಕಿ ನೋಡು,” ಎಂದರು ಚಿಕ್ಕಪ್ಪ. ಹೊತ್ತಿಸಿದರು. ತಾಳಿದವನು ಬಾಳಿಯಾನು. ನಿಂತಿತು! “ನೋಡಿದ್ರಾ! ಹಿರಿಯರ ಮಾತು ಯಾರನ್ನೂ ಬೀಳಿಸಲ್ಲ,” ಎಂದು ಮೀಸೆ ತೀಡಿದರು. ಅಣ್ಣನದು ಹೊತ್ತಿತು, ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೊಂದು ಆಟವೇ ಆಗಿಹೋಯಿತು. ಆ ಗದ್ದಲದಲ್ಲಿ ಪಟಾಕಿ ಸದ್ದಿಲ್ಲದೆ ತನ್ನ ಸಹಿಯನ್ನೂ ಹೊತ್ತಿಸಿ ರಿಪ್ಲೈ ಒತ್ತಿದಳು. ಪತ್ರದ ಕೆಳಗೆ ಅವಳ ಹೆಸರು ಮೂಡಿತು. ಇಡೀ ಹೆಸರು. ನಿಂತಿತು. ಅವಳಿಗೆ ಮೈ ಜುಮ್ಮೆಂದಿತು. ಯಾರಾದರೂ ನೋಡುವ ಮೊದಲು ಪುಟವನ್ನು ಮೇಲಕ್ಕೆ ಸರಿಸಿದಳು.

“ಇನ್ನು ನಂದೊಂದೇ,” ಎಂದು ಅತ್ತಿಗೆ ಬಗ್ಗಿ ತಮ್ಮದನ್ನು ಹೊತ್ತಿಸಿದರು. ಪಟಾಕಿ ರಿಪ್ಲೈ ಒತ್ತಿದಳು. ಕಿಟಕಿ ಗಡಗಡ ನಡುಗಿತು, ಧಡಾರನೆ ಬಿತ್ತು.

“ಸಿಕ್ಕಿಬಿತ್ತು!” ಪಟಾಕಿ ಸಿಡಿದೇಬಿಟ್ಟಳು. “ನಿಮ್ಮದೇ ಅತ್ತಿಗೆ! ಎಲ್ಲರದ್ದೂ ಸರಿಯಾಗಿತ್ತು, ನಿಮ್ಮ ಸಹಿ ಬಂದ ಕೂಡಲೇ ಬಿತ್ತು. ಎಲ್ಲದರ ಕೆಳಗೂ ನಿಮ್ಮ ಹೆಸರೇ ಬೇಕಲ್ಲ, ಅದಕ್ಕೇ!”

ಕೊನೆಯ ಮಾತು ಆಡಬಾರದಿತ್ತು. ಆಡಿ ಆಗಿತ್ತು. ಅಣ್ಣ ಏಣಿಯ ಕಡೆ ನೋಡಿದ, ಚಿಕ್ಕಪ್ಪ ಕನ್ನಡಕ ಒರೆಸಿದರು. ಅತ್ತಿಗೆ ಮೊಳೆಗೆ ನೇತುಹಾಕಿದ್ದ ಕೈಚೀಲ ತೆಗೆದುಕೊಂಡು, “ನೀಲಿ ದಾರ ಮುಗಿದಿದೆ, ತರ್ತೀನಿ,” ಎಂದು ಬೀದಿಗಿಳಿದರು.

ನೀಲಿ ದಾರದ ಉಂಡೆ ಯಂತ್ರದ ಪಕ್ಕದಲ್ಲೇ ತುಂಬಿಕೊಂಡು ಕೂತಿತ್ತು.

ಪಟಾಕಿ ಪ್ರೋಗ್ರಾಂ ತೆರೆದಳು. ಈ ಸಲ ಅದು ತೆರೆಯುತ್ತಿದ್ದಂತೆಯೇ ಬಿತ್ತು. ಇನ್ನೊಮ್ಮೆ ತೆರೆದರೆ ಇನ್ನೊಮ್ಮೆ ಬಿತ್ತು. ಬೀಳುವಾಗ ಅರ್ಧಕ್ಕೆ ನಿಂತ ಪತ್ರವನ್ನು ಅದು ಉಳಿಸಿಟ್ಟುಕೊಂಡಿತ್ತು, ಎದ್ದ ಕೂಡಲೇ ಅದನ್ನೇ ತೆರೆಯಲು ಹೋಗಿ ಮತ್ತೆ ಬೀಳುತ್ತಿತ್ತು. ಮೊದಲಾದರೂ ರಿಪ್ಲೈ ಒತ್ತಿದರೆ ಬೀಳುತ್ತಿತ್ತು, ಈಗ ಮುಖ ತೋರಿಸುವುದಕ್ಕೂ ಇಲ್ಲ. ಗಾಯದ ಮೇಲೆ ಬರೆ ಎಳೆದಂತಾಯಿತು. ಗಡಿಯಾರ ಹನ್ನೊಂದೂವರೆ ಮೀರಿತ್ತು.

ಸೇಫ್ ಮೋಡ್ ಒಂದೇ ದಾರಿ. ಅದರೊಳಗೆ ಹೋಗಿ ಬಾಲಗಳ ಪಟ್ಟಿ ತೆರೆದಳು. ಅತ್ತಿಗೆಯ ಸಹಿಯನ್ನು ಆರಿಸಿದರೆ ಮುಗಿಯಿತು. ಬಾಣದ ಗುರುತನ್ನು ಅದರ ಮೇಲೆ ತಂದು ನಿಲ್ಲಿಸಿದಳು. ಬೆರಳು ಮಾತ್ರ ಒತ್ತಲು ಒಪ್ಪಲಿಲ್ಲ.

“ಅಣ್ಣಾ, ನೀನು ಆಫ್ ಮಾಡು. ನಿನ್ನ ಹೆಂಡತಿ ತಾನೇ?”

“ಹೆಂಡತಿ ಕಟ್ಟಿದ ಗಂಟು ಬಿಚ್ಚೋ ಗಂಡಸು ಇನ್ನೂ ಹುಟ್ಟಿಲ್ಲ,” ಎಂದ ಅಣ್ಣ. “ಓಡು. ಅವಳನ್ನೇ ಕರ್ಕೊಂಡು ಬಾ.”

ಎದ್ದೆನೋ ಬಿದ್ದೆನೋ ಎಂದು ಪಟಾಕಿ ಓಡಿದಳು. ಮಳಿಗೆಗಳ ಸಾಲು, ಬಾಗಿಲ ಮುಂದೆ ನಿಲ್ಲಿಸಿದ ಸೈಕಲ್‌ಗಳು, ಗಾಜು ಇಳಿಸುತ್ತಿದ್ದ ಕೈಗಾಡಿ. “ದಾರಿ! ದಾರಿ!” ಎಂದು ಕೂಗುತ್ತ ಕೈಗಾಡಿಯನ್ನು ಬಳಸಿದಳು. ಕಾಲಲ್ಲಿದ್ದುದು ಒಂದು ಅಣ್ಣನ ಚಪ್ಪಲಿ, ಇನ್ನೊಂದು ಅವಳದು. ಕ್ಷೌರದಂಗಡಿಯ ಕನ್ನಡಿಯಲ್ಲಿ ತನ್ನ ಕೆದರಿದ ತಲೆ ಹಾದುಹೋದದ್ದು ಕಂಡಿತು. ಕಾಲು ಓಡುತ್ತಿದ್ದಂತೆ ತಲೆಯೂ ಓಡುತ್ತಿತ್ತು. ಅದೇನು ನಡುಕ? ಬೀಳುವ ಮೊದಲು ಪ್ರತಿಸಲ ಪುಟದ ಕೆಳಗೆ ಏನೋ ಮಿಣಮಿಣ ಎನ್ನುತ್ತಿತ್ತು. ಕಪ್ಪಗೆ, ಸಣ್ಣಗೆ. ಅಕ್ಷರ. ಒಂದು ಉದ್ದದ ಸಾಲು, ಒಂದು ಗಿಡ್ಡ ಸಾಲು, ಉದ್ದ, ಗಿಡ್ಡ, ಉದ್ದ, ಗಿಡ್ಡ.

ದಾರದಂಗಡಿಯ ಮೆಟ್ಟಿಲ ಬಳಿ ಅತ್ತಿಗೆ ಸಿಕ್ಕರು. ಕೈಯಲ್ಲಿ ಚೀಲ, ಚೀಲ ಖಾಲಿ, ಕಣ್ಣು ಕೆಂಪು.

“ಅತ್ತಿಗೆ, ಬನ್ನಿ! ನಿಮ್ಮದನ್ನ ನೀವೇ ಆಫ್ ಮಾಡ್ಬೇಕು. ಟೈಮಿಲ್ಲ!”

“ನೀನೇ ಮಾಡ್ಕೊ. ನಾನು ಬೇಡ ಅಂದ್ನಾ?”

“ನಿಮ್ಮ ಗಂಟು ನಾನು ಬಿಚ್ಚಲ್ಲ.”

ಅತ್ತಿಗೆ ಮುಖವೆತ್ತಿ ನೋಡಿದರು. “ಒಂದು ಮಾತು ಹೇಳು. ಎಲ್ಲರದ್ದನ್ನೂ ಹಾಕಿ ಕೊನೆಗೆ ನಂದು ಹಾಕಿದೆ. ನಂದನ್ನ ಒಂದನ್ನೇ ಹಾಕಿ ನೋಡಿದೆಯಾ?”

ಇಲ್ಲ. ನೋಡಿರಲಿಲ್ಲ. ಏಣಿಯ ಮೇಲಿಂದ ಅಣ್ಣ ಗೊಣಗಿದ್ದು ಆಗ ಪಟಾಕಿಯ ಕಿವಿಗೆ ಬಂತು, ಒಂದು ಗಂಟೆ ತಡವಾಗಿ. ಇದೊಂದೇ ಆದರೆ ಬೆಣ್ಣೆ. ಅದೊಂದೇ ಆದರೂ ಬೆಣ್ಣೆ. ಎರಡೂ ಒಟ್ಟಿಗಾದರೆ!

“ಅತ್ತಿಗೆ!” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. “ನಿಮ್ಮದಲ್ಲ! ನಿಮ್ಮದೊಂದೇ ಅಲ್ಲ! ನಾನೂ ಒಂದು ಸಹಿ ಹಾಕಿದ್ದೆ, ಹೋದ ವಾರ, ಕದ್ದು. ನೀವು ನಿಮ್ಮ ಹೆಸರು ಬರೀತೀರಿ, ನಂದು ಅದನ್ನ ಅಳಿಸಿ ನನ್ನ ಹೆಸರು ಬರಿಯುತ್ತೆ, ನಿಮ್ಮದು ನಂದನ್ನ ಅಳಿಸುತ್ತೆ, ನಂದು ನಿಮ್ಮದನ್ನ! ನಿಲ್ಲೋದೇ ಇಲ್ಲ. ಎತ್ತು ಏರಿಗೆ, ಕೋಣ ನೀರಿಗೆ! ಅದಕ್ಕೆ ಪಾಪ ಅದು ತಲೆ ತಿರುಗಿ ಬೀಳ್ತಿದೆ!”

ಕಂಡುಹಿಡಿದ ಖುಷಿ ಎಷ್ಟಿತ್ತೆಂದರೆ ನಾಚಿಕೆಪಡಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ಅದು ಆಮೇಲೆ ಬಂತು, ಅತ್ತಿಗೆ ನಗುವುದನ್ನು ನೋಡಿ. ನಗುತ್ತಲೇ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಕದ್ದು ಯಾಕೆ ಹಾಕಿದೆ? ಕೇಳಬಾರ್ದಿತ್ತಾ?”

“ಹೇಗೆ ಕೇಳೋದು? ನೀವು ಇಲ್ಲ ಅಂದ್ರೆ?”

“ಮಡಿಕೆಲಿ ಬೇರೆ ಹೆಸರು ಹೊಲಿಬೇಕು ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೀಲಿಲ್ಲ,” ಎಂದರು ಅತ್ತಿಗೆ. “ನಾನೂ ದಡ್ಡಿ. ಇರಲಿ, ಈಗ ಟೈಮೆಷ್ಟು?”

ಇಬ್ಬರೂ ಓಡಿದರು. ಅತ್ತಿಗೆ ಸೀರೆ ಎತ್ತಿ ಹಿಡಿದು ಪಟಾಕಿಗಿಂತ ಮುಂದೆ ಓಡಿದರು. ಗಾಜಿನ ಕೈಗಾಡಿಯವನು ದೂರದಿಂದಲೇ ಇವರನ್ನು ಕಂಡು ಗಾಡಿಯನ್ನು ಗೋಡೆಗೆ ಒತ್ತಿ ನಿಂತ.

ಹಜಾರದಲ್ಲಿ ಅಣ್ಣ ಏಣಿ ಇಳಿದು ಬಂದಿದ್ದ, ಮುಖ ಅರಳಿತ್ತು. “ಆಯ್ತು! ಎರಡು ಹಗ್ಗಕ್ಕೂ ಒಂದೇ ರಾಟೆ ಹಾಕಿದ್ದೇ ತಪ್ಪು. ಅದಕ್ಕೊಂದು, ಇದಕ್ಕೊಂದು ಹಾಕಿದೆ. ನೀರಿನ ಹಾಗೆ ಓಡ್ತಿದೆ. ನಕ್ಷೆ ತಿದ್ದಿದ್ದೀನಿ, ಫೋಟೋ ತೆಗಿ ಬಾ!”

ಪಟಾಕಿ ಮೊದಲು ಕಂಪ್ಯೂಟರಿನ ಮುಂದೆ ಕುಳಿತಳು. ಪಟ್ಟಿ ತೆರೆದೇ ಇತ್ತು. ಹೆಸರು ಬೇಕೆಂದು ಇಷ್ಟು ದಿನ ಒದ್ದಾಡಿದವಳು ಅರೆಗಳಿಗೆ ಸ್ಕ್ರೀನ್ ನೋಡಿದಳು. ಹಕ್ಕಿಗಳು ಹೋಗಿ ಮುಟ್ಟಿದರೆ ಸಾಕು ಅನ್ನಿಸಿತು. ಖಾಲಿ ಚೀಲ ಹಿಡಿದು ಮೆಟ್ಟಿಲ ಬಳಿ ನಿಂತಿದ್ದ ಅತ್ತಿಗೆ ಕಣ್ಣಿನಿಂದ ಮರೆಯಾಗಿರಲಿಲ್ಲ. ತನ್ನ ಸಹಿಯನ್ನು ಆರಿಸಿ, ಯಾರಿಗೂ ಹೇಳದೆ ಎದ್ದು ನಕ್ಷೆಯ ಫೋಟೋ ತೆಗೆಯಲು ಓಡಿದಳು. ನಕ್ಷೆ ಹಿಡಿದಿದ್ದ ಅಣ್ಣ ಗಡಿಯಾರ ನೋಡಲು ತಿರುಗಿ ಮೊದಲ ಫೋಟೋ ಮಸುಕಾಯಿತು, ಎರಡನೆಯದರಲ್ಲಿ ಚಿಕ್ಕಪ್ಪನ ಹೆಬ್ಬೆರಳು ಬಂತು. ಮೂರನೆಯದನ್ನು ಹಿಡಿದುಕೊಂಡು ಅವಳು ತಿರುಗಿ ಬರುವಾಗ ಅತ್ತಿಗೆ ಕುರ್ಚಿಯಿಂದ ಏಳುತ್ತಿದ್ದರು.

“ಕೂತ್ಕೊ ಬೇಗ. ನಾನು ಸುಮ್ನೆ ನೋಡ್ತಿದ್ದೆ,” ಎಂದರು.

ಸೇಫ್ ಮೋಡ್ ಮುಚ್ಚಿ ಪ್ರೋಗ್ರಾಂ ತೆರೆದಳು. ತಾಳಿದವನು ಬಾಳಿಯಾನು. “ತಾಳಿದ್ದು ಸಾಕಪ್ಪಾ!” ಎಂದು ಅದಕ್ಕೇ ಬೈದು ರಿಪ್ಲೈ ಒತ್ತಿದಳು. ನಾಲ್ಕು ಜನರೂ ಉಸಿರು ಹಿಡಿದರು. ಕಿಟಕಿ ತೆರೆಯಿತು. ನಿಂತಿತು. ಎರಡು ಸಾಲು ಬರೆದಳು. ಚಿತ್ರ ಹಾಕಿದಳು, ನಕ್ಷೆ ಹಾಕಿದಳು. ಹಸಿರು ಪಟ್ಟಿ ಬಸವನಹುಳದ ಹಾಗೆ ತೆವಳತೊಡಗಿತು. ಅಣ್ಣ ಗಡಿಯಾರದ ಮುಂದೆ ಅಡ್ಡ ನಿಂತುಬಿಟ್ಟ, ನೋಡದಿದ್ದರೆ ಮುಳ್ಳು ನಿಲ್ಲುತ್ತದೆ ಎನ್ನುವವನಂತೆ. ಚಿಕ್ಕಪ್ಪ ಗಾದೆಗಳನ್ನೆಲ್ಲ ಬಿಟ್ಟು, “ಹೋಗು, ಹೋಗು, ಹೋಗು,” ಎಂದು ಪಟ್ಟಿಯ ಜೊತೆ ತಾವೂ ಮುಂದಕ್ಕೆ ಬಾಗುತ್ತಿದ್ದರು. ಪಟ್ಟಿ ತುದಿ ಮುಟ್ಟಿತು. ಪಟಾಕಿ ಕಳಿಸು ಒತ್ತಿದಳು.

“ಹೋಯ್ತು!”

ಎಲ್ಲರೂ ಕೂಗಿದರು. ಅಣ್ಣ ಗಡಿಯಾರ ಬಿಟ್ಟು ಪಕ್ಕಕ್ಕೆ ಸರಿದ. ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಲು ಇನ್ನೂ ಒಂದಿಷ್ಟು ಇತ್ತು. ಅತ್ತಿಗೆ ಪಟಾಕಿಯನ್ನು ಅಪ್ಪಿಕೊಂಡರು. ಪಟಾಕಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

“ಕೆಳಗೆ ಯಾರ ಹೆಸರಿದೆ, ತೋರ್ಸು,” ಎಂದ ಅಣ್ಣ, ಹೆದರುತ್ತಲೇ.

ಹೋದ ಪತ್ರವನ್ನು ತೆರೆದರು. ಮೇಲೆ ಚಿಕ್ಕಪ್ಪನ ಗಾದೆ. ನಡುವೆ ಎರಡು ಸಾಲು. ಕೆಳಗೆ ಏನೂ ಇಲ್ಲ.

“ನಿಮ್ಮ ಹೆಸರೆಲ್ಲಿ?” ಎಂದಳು ಪಟಾಕಿ.

“ನಿನ್ನ ಹೆಸರೆಲ್ಲಿ?” ಎಂದರು ಅತ್ತಿಗೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಾನು ನಂದನ್ನ ಆಫ್ ಮಾಡಿದ್ದೆ,” ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅಣ್ಣ ತಲೆಯ ಮೇಲೆ ಕೈಹೊತ್ತು ಬಟ್ಟೆಯ ರಾಶಿಯ ಮೇಲೆ ಕುಳಿತ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಚಿಕ್ಕಪ್ಪ ಎತ್ತಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ರಂಗಮಂದಿರದ ಮೇಲ್ವಿಚಾರಕಿ. ಗತ್ತಿನ ದನಿ, ಆದರೆ ಅದರೊಳಗೊಂದು ಸಂಭ್ರಮ ತಡೆದಿಟ್ಟಂತಿತ್ತು.

“ಚಿತ್ರ ಬಂತು. ಇಲ್ಲಿ ನಾವೆಲ್ಲ ಮೇಜಿನ ಸುತ್ತ ನಿಂತ್ಕೊಂಡು ಅದನ್ನೇ ನೋಡ್ತಿದ್ದೀವಿ. ಇನ್ನೊಬ್ಬರದ್ದೂ ಚೆನ್ನಾಗಿದೆ, ಆದ್ರೆ ನಮಗೆ ಈ ಹಕ್ಕಿಗಳೇ ಬೇಕು. ಹಗ್ಗದ ನಕ್ಷೆಯೂ ಸರಿ ಇದೆ. ಕೆಲಸ ನಿಮ್ಮದೇ. ಒಂದೇ ಒಂದು ತೊಂದರೆ. ಪತ್ರದ ಮೇಲೆ ಗಾದೆ ಇದೆ, ಕೆಳಗೆ ಹೆಸರಿಲ್ಲ. ಮಾಡಿದವರು ಯಾರು ಅಂತ ಬರ್ಕೊಳ್ಳಲಿ?”

ಪಟಾಕಿ ಥಟ್ಟನೆ ಅತ್ತಿಗೆಯ ಹೆಸರು ಹೇಳಿದಳು. ಅದೇ ಉಸಿರಿನಲ್ಲಿ ಅತ್ತಿಗೆ ಪಟಾಕಿಯ ಹೆಸರು ಹೇಳಿದರು. ಪಟಾಕಿಯೆಂದಲ್ಲ. ಮನೆಯಲ್ಲಿ ಯಾರೂ ಕರೆಯದ, ಅಪ್ಪ ಅಮ್ಮ ಇಟ್ಟ, ಇಡೀ ಹೆಸರು. ಅದು ಅತ್ತಿಗೆಯ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಸಿಡಿಯುವುದೇ ಗೊತ್ತಿದ್ದ ಹೆಂಗಸು ಗಪ್‌ಚಿಪ್ಪಾಗಿ ನಿಂತುಬಿಟ್ಟಳು.

“ಇಬ್ಬರೂ ಒಟ್ಟಿಗೆ ಹೇಳಿದ್ರೆ ಒಂದೂ ಕೇಳಿಸಲ್ಲ,” ಎಂದಿತು ಫೋನು.

“ಒಂದು ನಿಮಿಷ ಅಮ್ಮಾ,” ಎಂದು ಅಣ್ಣ ಬಟ್ಟೆಯ ರಾಶಿಯಿಂದ ಧಡಕ್ಕನೆ ಎದ್ದ. “ಒಂದೇ ರಾಟೆಗೆ ಎರಡು ಹಗ್ಗ ಹಾಕ್ಬಾರ್ದು, ಬೆಳಗಿಂದ ಬಡ್ಕೋತಿದ್ದೀನಿ. ಪರದೆ ಎರಡು ಪಾಲು. ಮಡಿಕೆನೂ ಎರಡು. ಎರಡು ಹೆಸರು ಬರ್ಕೊಳ್ಳಿ, ಒಂದಾದ್ಮೇಲೆ ಒಂದು ಹೇಳ್ತಾರೆ.”

ಒಂದಾದ ಮೇಲೆ ಒಂದು ಹೇಳಿದರು. ಅತ್ತ ಕಡೆ ಪೆನ್ನು ಎರಡು ಸಲ ಸರಿದ ಸದ್ದು ಕೇಳಿತು.

ಫೋನ್ ಇಟ್ಟ ಮೇಲೆ ಅತ್ತಿಗೆ ಹೊಲಿಗೆ ಯಂತ್ರದ ಬಳಿ ಹೋಗಿ ನೀಲಿ ದಾರದ ಉಂಡೆ ತಂದರು. ಅದರಿಂದ ಎರಡು ಎಳೆ ಕಡಿದು, ಎರಡು ಸೂಜಿಗೆ ಪೋಣಿಸಿದರು. ಮಖಮಲ್ಲು ಇನ್ನೂ ಬಂದಿರಲಿಲ್ಲ, ಅದು ಬಂದು, ಬಣ್ಣವಾಗಿ, ಮಡಿಕೆ ಹೊಲಿಯುವ ಹೊತ್ತಿಗೆ ತಿಂಗಳುಗಳೇ ಬೇಕು. ತಾಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಚಿಕ್ಕಪ್ಪ ಕತ್ತರಿಸಿ ಉಳಿದ ಬಟ್ಟೆಯ ಎರಡು ತುಂಡು ಹುಡುಕಿ ಕೊಟ್ಟರು.

“ಅಭ್ಯಾಸ ಮಾಡ್ಕೊ,” ಎಂದು ಅತ್ತಿಗೆ ಒಂದು ಸೂಜಿಯನ್ನು ಪಟಾಕಿಯ ಕೈಗಿಟ್ಟರು. “ನಿನ್ನ ಹೆಸರು ನಾನು ಹೊಲಿತೀನಿ. ನಂದು ನೀನು ಹೊಲಿ.”

“ನನಗೆ ಹೊಲಿಗೆ ಬರಲ್ಲ ಅತ್ತಿಗೆ. ಸೊಟ್ಟ ಆಗುತ್ತೆ.”

“ಆಗಲಿ. ನಾನು ಕಟ್ಟಿದ ಗಂಟನ್ನ ನೀನು ಬಿಚ್ಚೋ ಹಾಗಿಲ್ಲ, ನೀನು ಕಟ್ಟಿದ್ದನ್ನ ನಾನು ಬಿಚ್ಚೋ ಹಾಗಿಲ್ಲ. ಇನ್ಮೇಲೆ ಯಾರೂ ಅವರವರ ಹೆಸರನ್ನ ಕದ್ದು ಆಫ್ ಮಾಡೋಕಾಗಲ್ಲ, ನೋಡು.”

ಪಟಾಕಿ ಸೂಜಿ ಹಿಡಿದು ಕುಳಿತಳು. ಅತ್ತಿಗೆಯ ಹೆಸರಿನ ಮೊದಲ ಅಕ್ಷರ ಸೊಟ್ಟಗೇ ಬಂತು. ಅದನ್ನು ಅವಳು ಬಿಚ್ಚಲಿಲ್ಲ.